ಅದು ಅವರಿಗೇ ಗೊತ್ತು

ಬಡಾವಣೆಯ ಕನ್ನಡ ಸಂಘ ಇರಲಿ, ಗಲ್ಲಿಯ ಗಣಪತಿ ಮಂಡಳಿ ಇರಲಿ, ಹವ್ಯಾಸಿ ನಾಟಕ ತಂಡ ಇರಲಿ, ಸಂಬಳವಿಲ್ಲದೆ ಕೆಲಸ ನಡೆಯುವ ಎಲ್ಲ ಕಡೆಯೂ ಒಬ್ಬರಿರುತ್ತಾರೆ. ಏನು ಕೇಳಿದರೂ ಉಳಿದವರ ಉತ್ತರ ಒಂದೇ. ‘ಅದು ಅವರಿಗೇ ಗೊತ್ತು, ಅವರನ್ನೇ ಕೇಳಿ.’ ಶಾಮಿಯಾನದವರ ನಂಬರ್, ಹೋದ ವರ್ಷ ಪಾತ್ರೆಗೆ ಕೊಟ್ಟ ಬಾಡಿಗೆ, ಬೈಲಾದ ಪ್ರತಿ, ಬೀರುವಿನ ಕೀ, ಧ್ವಜದ ಹಗ್ಗ ಎಲ್ಲಿಟ್ಟಿದೆ ಅನ್ನೋದು. ಎಲ್ಲವೂ ಅವರ ತಲೆಯಲ್ಲಿ. ತಲೆಯಲ್ಲಿ ಇಲ್ಲದ್ದು ಅವರ ಮನೆಯ ಅಟ್ಟದಲ್ಲಿ.

ಮೈಸೂರಿನ ನಮ್ಮ ಬಡಾವಣೆಯ ಸಂಘದಲ್ಲಿ ಆ ಒಬ್ಬರು ಅಂದರೆ ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಗಣೇಶನ ಹಬ್ಬ, ರಾಜ್ಯೋತ್ಸವ, ಮಕ್ಕಳಿಗೆ ಬೇಸಿಗೆ ಶಿಬಿರ, ಪಾರ್ಕಿನ ಪಕ್ಕ ಒಂದು ಕೋಣೆಯ ವಾಚನಾಲಯ, ಇಷ್ಟು ನಮ್ಮ ಸಂಘದ ವ್ಯವಹಾರ. ಕಾರ್ಯದರ್ಶಿ ಅನ್ನೋ ಪದವಿ ಅವರಿಂದ ಬೇರೆಯವರಿಗೆ ಎಷ್ಟೋ ಸಲ ಹೋಗಿದೆ. ಕೆಲಸ ಮಾತ್ರ ಅವರನ್ನು ಬಿಟ್ಟು ಹೋಗಿರಲಿಲ್ಲ. ಹೊಸ ಕಾರ್ಯದರ್ಶಿ ಸಹಿ ಹಾಕುತ್ತಿದ್ದರು, ಎಲ್ಲಿ ಹಾಕಬೇಕು ಅಂತ ಮೇಷ್ಟ್ರು ಬೆರಳಿಟ್ಟು ತೋರಿಸುತ್ತಿದ್ದರು.

ಒಂದು ವರ್ಷ ಅವರು ಮಂಡಿ ಆಪರೇಷನ್ ಮಾಡಿಸಿಕೊಳ್ಳಲು ಪುಣೆಯ ಮಗಳ ಮನೆಗೆ ಹೋದರು. ವಾಪಸ್ ಬರುವುದು ತಿಂಗಳುಗಟ್ಟಲೆ ತಡವಾಯಿತು. ಆ ಸಲದ ಗಣಪತಿ ಫೋನಿನಲ್ಲೇ ನಡೆಯಿತು ಅನ್ನಬಹುದು. ‘ಮೇಷ್ಟ್ರೇ, ಮೈಕ್ ಪರ್ಮಿಷನ್ನಿಗೆ ಎಷ್ಟು ದಿನ ಮುಂಚೆ ಅರ್ಜಿ ಕೊಡಬೇಕು?’ ‘ಮೇಷ್ಟ್ರೇ, ತಾತ್ಕಾಲಿಕ ಕರೆಂಟ್ ಕನೆಕ್ಷನ್ನಿನ ಡಿಪಾಸಿಟ್ ಹೋದ ಸಲ ವಾಪಸ್ ತಗೊಂಡ್ರಾ?’ ಅವರು ಹಾಸಿಗೆಯ ಮೇಲಿಂದಲೇ ಉತ್ತರ ಕೊಟ್ಟರು, ಖುಷಿಯಾಗಿಯೇ ಕೊಟ್ಟರು. ಹಬ್ಬ ಹೇಗೋ ದಾಟಿತು. ಹಬ್ಬಗಳು ಹಾಗೇ, ಜನ ಸೇರಿದರೆ ಅರ್ಧ ಕೆಲಸ ತಾನಾಗಿ ಆಗುತ್ತದೆ.

ತೊಂದರೆ ಬಂದದ್ದು ಕಾಗದಪತ್ರದಲ್ಲಿ. ಬ್ಯಾಂಕ್ ಖಾತೆಗೆ ಸಹಿ ಮಾಡುವವರ ಹೆಸರು ಬದಲಾಯಿಸಬೇಕಿತ್ತು. ಹಳೆಯ ಅಧ್ಯಕ್ಷರು ತೀರಿಕೊಂಡಿದ್ದರು. ಬ್ಯಾಂಕಿನವರು ಠರಾವಿನ ಪ್ರತಿ ಕೇಳಿದರು, ಕೊಟ್ಟೆವು. ಹೊಸ ಕಾರ್ಯಕಾರಿ ಸಮಿತಿಯ ಪಟ್ಟಿಗೆ ಸಂಘಗಳ ನೋಂದಣಾಧಿಕಾರಿಗಳ ದೃಢೀಕರಣ ಬೇಕು ಅಂದರು. ಅಲ್ಲಿಗೆ ಹೋದರೆ, ನಿಮ್ಮ ವಾರ್ಷಿಕ ಪಟ್ಟಿ, ಲೆಕ್ಕಪತ್ರ ಸಲ್ಲಿಸಿಯೇ ಇಲ್ಲವಲ್ಲ ಅಂದರು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಸರ್ವಸದಸ್ಯರ ಸಭೆ ಮುಗಿದ 14 ದಿನದೊಳಗೆ ಸಮಿತಿಯವರ ಪಟ್ಟಿ ಮತ್ತು ಆಯವ್ಯಯದ ಲೆಕ್ಕ ಸಲ್ಲಿಸಬೇಕು. ನಮ್ಮಲ್ಲಿ ಬಹುತೇಕರಿಗೆ ಹೀಗೊಂದು ಸೆಕ್ಷನ್ ಇದೆ ಅಂತಲೇ ಗೊತ್ತಿರಲಿಲ್ಲ. ಸಲ್ಲಿಸಬೇಕಾದರೆ ಆಡಿಟ್ ಆಗಬೇಕು. ಆಡಿಟ್ ಆಗಬೇಕಾದರೆ ಓಚರ್ ಬೇಕು. ಓಚರ್ ಹಿಂದಿನ ಖಜಾಂಚಿಯವರ ಹತ್ತಿರ. ಅವರು ಮನೆ ಮಾರಿ ಮಗನ ಜತೆ ಅಮೆರಿಕಕ್ಕೆ ಹೋಗಿದ್ದರು.

ಆದಾಯ ತೆರಿಗೆಯ ಪೋರ್ಟಲ್‌ಗೆ ಲಾಗಿನ್ ಆಗೋಣ ಅಂದರೆ ಓಟಿಪಿ ಹೋಗುವುದು ಅದೇ ಖಜಾಂಚಿಯವರ ಹಳೇ ನಂಬರಿಗೆ. ರೀಚಾರ್ಜ್ ಇಲ್ಲದೆ ಆ ಸಿಮ್ ಸತ್ತು ಯಾವ ಕಾಲವಾಗಿತ್ತೋ. ಸಂಘದ್ದೇ ದುಡ್ಡು, ಸಂಘದ್ದೇ ಖಾತೆ, ಒಂದು ರೂಪಾಯಿಯೂ ತೆಗೆಯುವ ಹಾಗಿಲ್ಲ. ವಾಚನಾಲಯದ ಪೇಪರ್ ಬಿಲ್ಲನ್ನು ಯಾರೋ ಒಬ್ಬರು ಸ್ವಂತ ಜೇಬಿನಿಂದ ಕೊಟ್ಟರು.

ಇಂಥ ಕಥೆ ಹೇಳಿದರೆ ಕೇಳಿದವರೆಲ್ಲ ‘ನಮ್ಮಲ್ಲೂ ಹಾಗೇ’ ಅನ್ನುತ್ತಾರೆ. ಆಮೇಲೆ ಒಂದು ಮಾತು ಸೇರಿಸುತ್ತಾರೆ. ‘ಈ ಹಳಬರು ಏನನ್ನೂ ಬಿಟ್ಟುಕೊಡೋದಿಲ್ಲ ಸ್ವಾಮಿ.’ ಇದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಬಿಟ್ಟುಕೊಡುವುದಿಲ್ಲ, ನಿಜ. ಯಾಕೆ ಕೊಡುವುದಿಲ್ಲ ಅನ್ನೋದನ್ನು ಯಾರೂ ಕೇಳುವುದಿಲ್ಲ.

ಹಳೇ ಮೈಸೂರು ಸೀಮೆಯ ಕೆರೆಗಳಲ್ಲಿ ನೀರುಗಂಟಿ ಅಂತ ಒಬ್ಬ ಇರುತ್ತಿದ್ದ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಸರದಿ ನೋಡುವುದು ಅವನ ಕೆಲಸ. ಕೆರೆಯಲ್ಲಿ ನೀರು ಇಷ್ಟಿದ್ದರೆ ಕೊನೆಯ ಗದ್ದೆಯ ತನಕ ಹೋಗುತ್ತದೋ ಇಲ್ಲವೋ ಅನ್ನೋ ಅಂದಾಜು ಅವನಿಗಿತ್ತು. ಅಪ್ಪನಿಂದ ಮಗನಿಗೆ ಬಂದ ವಿದ್ಯೆ, ಎಲ್ಲೂ ಬರೆದಿಟ್ಟದ್ದಲ್ಲ. ಸುಗ್ಗಿಯಲ್ಲಿ ಊರಿನವರು ಕಣದಲ್ಲೇ ಅವನಿಗೆ ಆಯ, ಅಂದರೆ ಕೆಲಸಕ್ಕೆ ಕೂಲಿಯಾಗಿ ಕೊಡುವ ದವಸ, ಅಳೆದು ಕೊಡುತ್ತಿದ್ದರು. ಆಮೇಲೆ ಕೆರೆಗಳು ಇಲಾಖೆಗಳ ಕೈಗೆ ಹೋದವು, ಬೋರ್‌ವೆಲ್ ಬಂದವು, ಆಯ ನಿಂತಿತು. ಆಯ ನಿಂತ ಮೇಲೆ ಮಗನಿಗೆ ಆ ವಿದ್ಯೆ ಕಲಿಸಿ ಏನು ಮಾಡೋದು? ಬಹಳಷ್ಟು ಊರುಗಳಲ್ಲಿ ಆ ತಿಳಿವಳಿಕೆ ಅವನ ಜತೆಗೇ ಹೋಯಿತು. ಈಗ ಕೆರೆ ಉಳಿಸಲು ಹೊರಟ ಸ್ವಯಂಸೇವಕರ ತಂಡಗಳು ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ಕೋಡಿ ಬೀಳುತ್ತದೆ ಅನ್ನೋದನ್ನು ಮಳೆಗಾಲದಲ್ಲಿ ಕೊಡೆ ಹಿಡಿದು ನಡೆದು ನೋಡಿ ಮೊದಲಿನಿಂದ ಕಲಿಯುತ್ತಿವೆ.

ನಮ್ಮ ಸಂಘದ ಮೇಷ್ಟ್ರಿಗೂ ಒಂದು ಆಯ ಇದೆ. ದುಡ್ಡಲ್ಲ, ದವಸವಲ್ಲ. ಬೆಳಗ್ಗೆ ಹಾಲು ತರಲು ಹೋದಾಗ ಯಾರೋ ನಿಲ್ಲಿಸಿ ‘ಮೇಷ್ಟ್ರೇ, ಇದೊಂದು ಹೇಳಿ’ ಅಂತ ಕೇಳುತ್ತಾರಲ್ಲ, ಅದೇ ಅವರ ಆಯ. ಸಂಬಳ ಇರುವ ನೌಕರಿಯಲ್ಲಿ ಕೆಲಸ ಇನ್ನೊಬ್ಬರಿಗೆ ಕಲಿಸಿಕೊಟ್ಟರೂ ತಿಂಗಳ ಕೊನೆಗೆ ದುಡ್ಡು ಬರುತ್ತದೆ. ಇಲ್ಲಿ ಕಲಿಸಿಕೊಟ್ಟರೆ ನಾಳೆಯಿಂದ ಯಾರೂ ಕೇಳುವುದಿಲ್ಲ. ಸಿಗುತ್ತಿದ್ದ ಒಂದೇ ಒಂದು ಕೂಲಿಯನ್ನೂ ತಾವೇ ಬಿಟ್ಟುಕೊಟ್ಟ ಹಾಗೆ. ಇದನ್ನು ಸ್ವಾರ್ಥ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಅಷ್ಟು ವರ್ಷ ಬಿಸಿಲಲ್ಲಿ ರಸೀದಿ ಪುಸ್ತಕ ಹಿಡಿದು ಮನೆಮನೆ ಸುತ್ತಿದವರಿಗೆ ನಾವು ಕೊಟ್ಟದ್ದೇನು? ವರ್ಷಕ್ಕೊಂದು ಶಾಲು, ಒಂದು ಫಲತಾಂಬೂಲ.

ಆದ್ದರಿಂದ ‘ನಿಮಗೆ ಗೊತ್ತಿರೋದನ್ನೆಲ್ಲ ಬರೆದುಕೊಡಿ’ ಅಂತ ಒಂದು ನೋಟ್‌ಬುಕ್ ಕೊಟ್ಟರೆ ಅದು ಖಾಲಿ ವಾಪಸ್ ಬರುತ್ತದೆ. ನಮ್ಮಲ್ಲೂ ಬಂತು. ಮೊದಲ ಪುಟದಲ್ಲಿ ಶ್ರೀ ಅಂತ ಬರೆದಿದ್ದರು, ಅಷ್ಟೇ.

ನಮ್ಮ ನಾಡಿನಲ್ಲಿ ದೀರ್ಘಕಾಲ ಬಾಳಿದ ಕೆಲಸಗಳನ್ನು ನೋಡಿದರೆ, ಹಲವು ಕಡೆ ಮನೆತನವೇ ಈ ತೊಂದರೆಯನ್ನು ಬಗೆಹರಿಸಿದೆ. ಬೆಂಗಳೂರಿನ ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವವನ್ನು 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಶುರುಮಾಡಿದರು. ಕೋಟೆ ಹೈಸ್ಕೂಲ್ ಮೈದಾನದಲ್ಲಿ ಚಪ್ಪರ ಹಾಕಿ ನಡೆಸುವ ಆ ಉತ್ಸವ ಅವರ ಕಾಲಾನಂತರವೂ ನಿಲ್ಲಲಿಲ್ಲ, ಮನೆಯ ಮುಂದಿನ ತಲೆಮಾರು ನಡೆಸಿಕೊಂಡು ಬಂತು. ಮನೆಯಲ್ಲೇ ಬೆಳೆದವರಿಗೆ ಯಾರೂ ಕೂರಿಸಿ ಪಾಠ ಹೇಳಬೇಕಾಗಿಲ್ಲ. ಯಾವ ವಿದ್ವಾಂಸರಿಗೆ ಎಷ್ಟು ಬಿಸಿಯ ಕಾಫಿ ಅನ್ನೋದು ಕೂಡ ಊಟದ ಮಾತಿನಲ್ಲೇ ಕಿವಿಗೆ ಬಿದ್ದಿರುತ್ತದೆ. ಅಪ್ಪನಿಗಾದರೂ ಮಗನಿಗೆ ಕೊಡುವಾಗ ಆಯ ಕಳೆದುಕೊಂಡೆ ಅನ್ನಿಸುವುದಿಲ್ಲ.

ಬಡಾವಣೆಯ ಸಂಘಕ್ಕೆ ಈ ದಾರಿ ಇಲ್ಲ. ಇರಲೂ ಬಾರದು ಅನ್ನೋದು ನನ್ನ ಅಭಿಪ್ರಾಯ. ಎರಡು ತಲೆಮಾರು ಒಂದೇ ಮನೆಯಲ್ಲಿ ಬೀರುವಿನ ಕೀ ಇದ್ದರೆ ಮೂರನೆಯದರ ಹೊತ್ತಿಗೆ ಸಂಘವೇ ಮುರಿಯುತ್ತದೆ.

ಇದಕ್ಕೆ ಬೇರೆ ಥರದ ಉತ್ತರ ಸಿಗುವುದು ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ. 1949ರಲ್ಲಿ ಊರಿನ ಕೃಷಿಕರು ನಾಟಕ ಆಡಲು ಕಟ್ಟಿಕೊಂಡ ಶ್ರೀ ನೀಲಕಂಠೇಶ್ವರ ನಾಟ್ಯ ಸೇವಾ ಸಂಘವೇ ನೀನಾಸಮ್. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರ ಹೆಸರು ಎಲ್ಲರಿಗೂ ಗೊತ್ತು, 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲೂ ಮನೆತನದ ಪಾಲು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಕಣ್ಣಿಗೆ ಮುಖ್ಯ ಅನ್ನಿಸೋದು, ಗೊತ್ತಿರುವುದನ್ನು ಕಲಿಸುವುದನ್ನೇ ಅವರು ಸಂಸ್ಥೆಯ ಕೆಲಸವಾಗಿ ಮಾಡಿಕೊಂಡದ್ದು. 1980ರಲ್ಲಿ ರಂಗಶಿಕ್ಷಣ ಕೇಂದ್ರ ಬಂತು. 1985ರಲ್ಲಿ ತಿರುಗಾಟ ಶುರುವಾಯಿತು. ತಿರುಗಾಟದ ತಂಡದಲ್ಲಿ ನಟರು ಬದಲಾಗುತ್ತಲೇ ಇರುತ್ತಾರೆ. ಊರಿಂದ ಊರಿಗೆ ಹೋಗಿ, ಸೆಟ್ ಇಳಿಸಿ, ಲೈಟ್ ಕಟ್ಟಿ, ನಾಟಕ ಆಡಿ, ಬಿಚ್ಚಿ, ಮತ್ತೆ ಗಾಡಿಗೆ ಹತ್ತಿಸುವ ಕೆಲಸ ಮಾತ್ರ ಹಾಗೇ ಇರುತ್ತದೆ. ಇಂಥ ಕೆಲಸವನ್ನು ಯಾರೂ ಪುಸ್ತಕ ಓದಿ ಕಲಿಯುವುದಿಲ್ಲ. ಪಕ್ಕದವನ ಕೈ ನೋಡಿ ಕಲಿಯುತ್ತಾರೆ. ಸುಬ್ಬಣ್ಣ 2005ರಲ್ಲಿ ತೀರಿಕೊಂಡ ಮೇಲೂ ತಿರುಗಾಟ ನಡೆಯಿತು. ಕಲಿಸಿದವರಿಗೂ ಅಲ್ಲಿ ಮರ್ಯಾದೆ ಕಮ್ಮಿಯಾಗಲಿಲ್ಲ, ಮೇಷ್ಟ್ರಾದವರಿಗೆ ಶಿಷ್ಯರು ಜಾಸ್ತಿಯಾದರೆ ಆಯವೂ ಜಾಸ್ತಿ ಅಲ್ವಾ?

ಹೊರದೇಶದ ಕನ್ನಡ ಕೂಟಗಳದ್ದು ಇನ್ನೊಂದು ತೊಂದರೆ. ಅಲ್ಲಿ ಒಬ್ಬರೇ ಹಿಡಿದುಕೊಂಡು ಕೂರುವುದಲ್ಲ, ಯಾರೂ ನಿಲ್ಲುವುದೇ ಇಲ್ಲ. ಸಮಿತಿ ಬೇಗ ಬೇಗ ಬದಲಾಗುತ್ತದೆ, ಕೆಲಸ ಸಿಕ್ಕ ಊರಿಗೆ ಜನ ಹೊರಟುಬಿಡುತ್ತಾರೆ. ಅಮೆರಿಕದಲ್ಲಿ ಎರಡು ವರ್ಷಕ್ಕೊಮ್ಮೆ ಬೇರೆ ಬೇರೆ ಊರಿನಲ್ಲಿ ನಡೆಯುತ್ತ ಬಂದ, ಅಲ್ಲಿನ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ಸಮ್ಮೇಳನವನ್ನೇ ತಗೊಳ್ಳಿ. ಸಾವಿರಾರು ಜನರಿಗೆ ಊಟ ಹಾಕುವ ಕೆಲಸ ಆಯಾ ಊರಿನ ಸ್ವಯಂಸೇವಕರದ್ದು, ಮುಂದಿನ ಸಲ ಬೇರೆ ಊರು, ಬೇರೆ ಜನ. ನಮ್ಮ ಮೇಷ್ಟ್ರಂಥವರು ಒಬ್ಬರಿದ್ದಿದ್ದರೆ ಅಂತ ಅವರಿಗೆ ಅನ್ನಿಸಿರಲೂಬಹುದು.

ನಮ್ಮ ಸಂಘಕ್ಕೆ ವಾಪಸ್ ಬರೋಣ. ಆ ಕಾಗದಪತ್ರದ ರಾಮಾಯಣ ಮುಗಿದ ಮೇಲೆ ಸಮಿತಿಯಲ್ಲಿ ಒಬ್ಬರು ‘ಎಲ್ಲ ವಾಟ್ಸಾಪ್ ಗ್ರೂಪಿನಲ್ಲೇ ಇದೆಯಲ್ಲ’ ಅಂದರು. ಇದೆ. ಗುಡ್ ಮಾರ್ನಿಂಗ್ ಹೂಗಳ ಮಧ್ಯೆ, ನಿಂಬೆಹಣ್ಣಿನ ಔಷಧಿಯ ಕೆಳಗೆ ಎಲ್ಲೋ ಒಂದು ಕಡೆ ಜನರೇಟರ್ ಬಿಲ್ಲಿನ ಫೋಟೋ ಇದೆ. ಹೊಸದಾಗಿ ಗ್ರೂಪಿಗೆ ಬಂದವರಿಗೆ ಹಳೆಯದು ಕಾಣಿಸುವುದೂ ಇಲ್ಲ.

ಮೊದಲು ಮಾಡಿದ್ದು ತೀರಾ ಸಣ್ಣ ಕೆಲಸ. ಸಂಘದ ಹೆಸರಿಗೆ ಒಂದು ಇಮೇಲ್, ಓಟಿಪಿಗೆ ಅಂತಲೇ ಒಂದು ಸಿಮ್. ಅದನ್ನು ಹಾಕಿದ ಹಳೇ ಬಟನ್ ಫೋನ್ ಈಗ ವಾಚನಾಲಯದ ಮೇಜಿನ ಡ್ರಾಯರಿನಲ್ಲಿ ಇದೆ. ಪೇಪರ್ ಬಿಲ್ಲಿನ ಜತೆಗೇ ಅದರ ರೀಚಾರ್ಜ್. ಆದಾಯ ತೆರಿಗೆ ವಿನಾಯಿತಿಗೆ 12ಎ ಅನ್ನೋ ಸೆಕ್ಷನ್ನಿನಲ್ಲಿ ನೋಂದಣಿ ಮಾಡಿಸಿಕೊಂಡ ಸಂಘಗಳಿಗಂತೂ ಇದು ಬೇಕೇ ಬೇಕು. 2021ರಲ್ಲಿ ಜಾರಿಯಾದ ನಿಯಮದಿಂದ ಆ ನೋಂದಣಿಯನ್ನು ಅವಧಿ ಮುಗಿಯುವ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಿ ನವೀಕರಿಸಬೇಕು. ನೋಂದಣಿ ಮಾಡಿಸಿದ ಸಮಿತಿ ಆ ಅವಧಿ ಮುಗಿಯುವ ಹೊತ್ತಿಗೆ ಇರುವುದೇ ಅಪರೂಪ.

ಆಮೇಲೆ ಬರೆಯುವ ಕೆಲಸ. ಇಲ್ಲಿ ಒಂದು ಘಟನೆ ಹೇಳಲೇಬೇಕು. ರಾಜ್ಯೋತ್ಸವದ ಹಳೇ ನಡಾವಳಿ ಪುಸ್ತಕದಲ್ಲಿ ಮೇಷ್ಟ್ರ ಅಕ್ಷರದಲ್ಲಿ ಒಂದು ಸಾಲಿತ್ತು. ‘ವೇದಿಕೆ ಪಾರ್ಕಿನ ಪೂರ್ವದ ಮೂಲೆಯಲ್ಲಿ ಬೇಡ.’ ಅಷ್ಟೇ, ಕಾರಣ ಇಲ್ಲ. ಮೇಷ್ಟ್ರು ಪುಣೆಯಲ್ಲಿದ್ದ ವರ್ಷ ಹುಡುಗರು ಅದನ್ನು ಓದಿದರು. ಯಾರೋ ವಾಸ್ತು ನೋಡಿ ಬರೆದದ್ದು ಅಂದುಕೊಂಡು ನಕ್ಕರು. ಪೂರ್ವದ ಮೂಲೆಯಲ್ಲಿ ದೊಡ್ಡ ಹೊಂಗೆ ಮರ ಇದೆ, ಕೆಳಗೆ ಒಳ್ಳೇ ಜಾಗ. ಅಲ್ಲೇ ಹಾಕಿಸಿದರು. ಅಕ್ಟೋಬರ್ 31ರ ರಾತ್ರಿ ಹಿಂಗಾರು ಮಳೆ ಜೋರಾಗಿ ಬಂತು. ಬೆಳಗ್ಗೆ ನೋಡಿದರೆ ಇಡೀ ಪಾರ್ಕಿನ ನೀರು ಹರಿದು ಬಂದು ಆ ಮೂಲೆಯಲ್ಲೇ ನಿಂತಿದೆ. ವೇದಿಕೆಯ ಕಾಲುಗಳು ಮುಳುಗಿವೆ, ಕರೆಂಟಿನ ವೈರ್ ನೀರಿನಲ್ಲಿ. ಪುಣ್ಯಕ್ಕೆ ಮೈನ್ ಆಫ್ ಆಗಿತ್ತು. ಡೊಳ್ಳು ಕುಣಿತದವರು ಬರುವಷ್ಟರಲ್ಲಿ ಎಲ್ಲವನ್ನೂ ಬಿಚ್ಚಿ ಎದುರಿನ ರಸ್ತೆಗೆ ಸಾಗಿಸಬೇಕಾಯಿತು.

‘ಮಳೆ ಬಂದರೆ ಅಲ್ಲಿ ನೀರು ನಿಲ್ಲುತ್ತದೆ’ ಅಂತ ಇನ್ನೊಂದು ಸಾಲು ಬರೆದಿದ್ದರೆ ಸಾಕಿತ್ತು. ಕಾರಣ ಇಲ್ಲದ ನಿಯಮವನ್ನು ಮುಂದಿನವರು ಒಂದೋ ಕುರುಡಾಗಿ ಪಾಲಿಸುತ್ತಾರೆ, ಇಲ್ಲ ಮೂಢನಂಬಿಕೆ ಅಂತ ಎಸೆಯುತ್ತಾರೆ. ಕನ್ನಡ ವಿಕಿಪೀಡಿಯ 2003ರಿಂದ ಸ್ವಯಂಸೇವಕರ ಕೈಯಲ್ಲೇ ನಡೆದು ಬಂದಿದೆ. ಅಲ್ಲಿ ನನಗೆ ಬಹಳ ಹಿಡಿಸಿದ್ದು ಲೇಖನಗಳಿಗಿಂತ ಅವುಗಳ ಹಿಂದಿರುವ ಇತಿಹಾಸದ ಪುಟ. ಯಾರು, ಯಾವತ್ತು, ಏನು ಬದಲಾಯಿಸಿದರು ಅನ್ನೋದೆಲ್ಲ ಅಲ್ಲಿ ಉಳಿದಿರುತ್ತದೆ. ಯಾಕೆ ಅಂತ ಒಂದು ಸಾಲು ಬರೆಯಲೂ ಜಾಗ ಇದೆ. ಹತ್ತು ವರ್ಷ ಬಿಟ್ಟು ಬಂದವನೂ ಹಳೇ ಜಗಳದ ಕಾರಣ ಓದಿಕೊಂಡು ಮುಂದೆ ಹೋಗಬಹುದು. ಆ ‘ಯಾಕೆ’ಯನ್ನು ತುಂಬದೇ ಬಿಡುವವರು ಅಲ್ಲೂ ಬೇಕಾದಷ್ಟು ಜನ ಇದ್ದಾರೆ, ಆ ಮಾತು ಬೇರೆ.

ನಮ್ಮ ನೋಟ್‌ಬುಕ್ ಕೊನೆಗೂ ತುಂಬಿದ್ದು ಮೇಷ್ಟ್ರು ಬರೆದದ್ದರಿಂದಲ್ಲ. ಬಿ.ಕಾಂ ಓದುವ ಒಬ್ಬ ಹುಡುಗಿ ವಾಚನಾಲಯಕ್ಕೆ ಪರೀಕ್ಷೆಗೆ ಓದಲು ಬರುತ್ತಿದ್ದಳು. ಅವಳು ಭಾನುವಾರ ಬೆಳಗ್ಗೆ ಮೇಷ್ಟ್ರ ಮನೆಗೆ ಹೋಗಿ ಸುಮ್ನೆ ಪ್ರಶ್ನೆ ಕೇಳತೊಡಗಿದಳು. ‘ಸರ್, ಕೇಸರಿಬಾತ್ ಎಷ್ಟು ಜನಕ್ಕೆ ಹೇಳ್ತಿದ್ರಿ?’ ‘ಬರೋರು ಮುನ್ನೂರು ಅಂದ್ರೆ ಮುನ್ನೂರಕ್ಕೆ ಹೇಳ್ಬಾರ್ದು ಕಣಮ್ಮ. ಮೊದಲು ಶಾಲೆ ಮಕ್ಕಳ ಕಾರ್ಯಕ್ರಮ ಇದೆಯೋ ನೋಡು. ಇದ್ರೆ ಅಪ್ಪ ಅಮ್ಮ ಅಜ್ಜಿ ಎಲ್ಲ ಬರ್ತಾರೆ.’ ಹೀಗೆ. ಬರೆದುಕೊಡಿ ಅಂದರೆ ಒಂದಕ್ಷರ ಬರೆಯದವರು ಕೇಳುವವಳು ಎದುರಿಗೆ ಕೂತರೆ ಗಂಟೆಗಟ್ಟಲೆ ಹೇಳಿದರು. ಅವಳು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಆಮೇಲೆ ಬರೆದಳು. ಮೈಕ್ ಅನ್ನು ರಾತ್ರಿ 10ಕ್ಕೇ ಯಾಕೆ ನಿಲ್ಲಿಸಬೇಕು, 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಏನಿದೆ ಅನ್ನೋದೂ ಅದರಲ್ಲಿದೆ. ನಿಲ್ಲಿಸದಿದ್ದರೆ ಎರಡನೇ ಕ್ರಾಸಿನ ಯಾರು ಮೊದಲು ಪೊಲೀಸರಿಗೆ ಫೋನ್ ಮಾಡುತ್ತಾರೆ ಅನ್ನೋದೂ ಇತ್ತು. ಆ ಸಾಲನ್ನು ತೆಗೆಸಿದೆವು.

ಈಗ ಪ್ರತಿ ಕೆಲಸಕ್ಕೂ ಇಬ್ಬರು. ಒಬ್ಬರು ಗೊತ್ತಿರುವವರು, ಒಬ್ಬರು ಗೊತ್ತಿಲ್ಲದವರು. ಕೆಲಸ ಮಾಡಬೇಕಾದ್ದು ಗೊತ್ತಿಲ್ಲದವರು, ಗೊತ್ತಿರುವವರು ಪಕ್ಕದಲ್ಲಿ ನಿಲ್ಲಬೇಕು. ಕೇಳಲು ಸುಲಭ. ಹೊಸ ಹುಡುಗ ಶಾಮಿಯಾನದವರ ಹತ್ತಿರ ಚೌಕಾಸಿ ಮಾಡುತ್ತ ಜಾಸ್ತಿ ಕೊಡುತ್ತಿದ್ದಾನೆ ಅಂತ ಕಣ್ಣೆದುರೇ ಕಾಣುವಾಗ ಬಾಯಿ ಮುಚ್ಚಿಕೊಂಡು ನಿಲ್ಲೋದು ಎಲ್ಲರ ಕೈಲಾಗುವ ಕೆಲಸವಲ್ಲ. ಮೇಷ್ಟ್ರ ಕೈಲಿ ಇನ್ನೂ ಆಗುತ್ತಿಲ್ಲ. ನಾಲ್ಕು ಮಾತು ತಡೆದುಕೊಳ್ಳುತ್ತಾರೆ, ಐದನೆಯದಕ್ಕೆ ಮುಂದೆ ಬರುತ್ತಾರೆ. ಅವರು ಮಧ್ಯೆ ಬಂದರೆ ರೇಟು ಇಳಿಯುತ್ತದೆ ಅನ್ನೋದೂ ನಿಜವೇ. ಹೋಗಲಿ, ಒಂದೆರಡು ವರ್ಷ ಜಾಸ್ತಿಯೇ ಕೊಡೋಣ ಅನ್ನೋದು ನನ್ನ ವಾದ. ಖಜಾಂಚಿ ಒಪ್ಪಿಲ್ಲ.

ದೇಣಿಗೆಯ ಪುಟದ ಬಗ್ಗೆ ಸಮಿತಿಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಯಾವ ಮನೆಯವರು ಒಂದೇ ಮಾತಿಗೆ ಕೊಡುತ್ತಾರೆ, ಯಾರು ಮೂರು ಸಲ ಓಡಾಡಿಸುತ್ತಾರೆ, ಯಾವ ಮನೆಯಲ್ಲಿ ಈ ವರ್ಷ ಸಾವಾಗಿದೆ, ಕೇಳಬಾರದು. ಇವೆಲ್ಲ ಮೇಷ್ಟ್ರಿಗೆ ಬಾಯಿಪಾಠ. ಸಂಘಕ್ಕೆ ಇದರಷ್ಟು ಬೇಕಾದ ತಿಳಿವಳಿಕೆ ಇನ್ನೊಂದಿಲ್ಲ, ಬರೆದಿಟ್ಟರೆ ಇದರಷ್ಟು ಜಗಳ ತರುವುದೂ ಇನ್ನೊಂದಿಲ್ಲ. ಅಕ್ಕಪಕ್ಕದ ಮನೆಯ ಇಬ್ಬರು ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರ ಎದುರು ಹೇಳಬಾರದು ಅಂತ ಯಾವ ಫೈಲಿನಲ್ಲಿ ಹಾಕೋದು? ಹುಡುಗಿ ಅದನ್ನೂ ಬರೆಯೋಣ, ಪಾಸ್‌ವರ್ಡ್ ಹಾಕೋಣ ಅಂದಳು. ಮೇಷ್ಟ್ರು ಜೋರಾಗಿ ನಕ್ಕರು. ‘ಪಾಸ್‌ವರ್ಡ್ ಯಾರಿಗೆ ಕೊಡ್ತೀಯಮ್ಮ? ಮುಂದಿನ ಸಮಿತಿಗೆ ತಾನೇ? ಮುಂದಿನ ಸಮಿತೀಲಿ ಆ ತಮ್ಮನೇ ಇದ್ರೆ?’

ಆ ಪುಟವನ್ನು ಖಾಲಿ ಬಿಟ್ಟಿದ್ದೇವೆ. ಅದರ ಬದಲು ಈ ಸಲ ರಸೀದಿ ಪುಸ್ತಕ ಹುಡುಗಿಯ ಕೈಗೆ ಕೊಟ್ಟಿದ್ದೇವೆ, ಮೇಷ್ಟ್ರು ಜತೆಗೆ ಹೋಗುತ್ತಾರೆ. ಮಂಡಿ ನೋವಿಗೆ ಮಹಡಿ ಮನೆಗಳು ಅವರಿಗೆ ಆಗುವುದಿಲ್ಲ, ಅವಳೊಬ್ಬಳೇ ಹತ್ತಬೇಕು. ಹತ್ತುವ ಮುಂಚೆ ಗೇಟಿನ ಹತ್ತಿರ ನಿಂತು ಅವರು ಏನೇನು ಹೇಳಿಕೊಡುತ್ತಾರೋ ನಮಗೂ ಗೊತ್ತಿಲ್ಲ. ಮೊದಲನೇ ಕ್ರಾಸ್ ಮುಗಿದಿದೆ. ಹೋದ ವರ್ಷಕ್ಕಿಂತ ಸ್ವಲ್ಪ ಕಮ್ಮಿ ಬಂದಿದೆ.